ಮೋಟು

ಪಾನೆವೇಜಿಸ್ ಊರಿನ ಹೆಣಿಗೆ ಗಿರಣಿಯಲ್ಲಿ
ರಾತ್ರಿ ಹನ್ನೊಂದಾದ ಮೇಲೆ
ಸ್ಕಿರ್ಮಾಂತೆಯದೊಂದೇ ದೀಪ.
ಹೊರಗೆ ಮೈನಸ್ ಹದಿನಾಲ್ಕು.
ಒಳಗೆ ಕೈಗವಸಿನ ಯಂತ್ರ, ಅದರ ಪಕ್ಕೆಗೆ ಬೋಲ್ಟು ಬಿಗಿದ
ಹಳದಿಗಟ್ಟಿದ ಕಂಪ್ಯೂಟರು,
ಇಪ್ಪತ್ತೊಂದು ವರ್ಷ ಹೊಸದೇನನ್ನೂ ಕಲಿಯದೆ
ದಿನಕ್ಕೆ ಇನ್ನೂರು ಜೊತೆ ಹೆಣೆಸಿದ್ದು.

ಮಾಡಿದ ಕಂಪನಿ ಮುಚ್ಚಿಹೋಗಿದೆ.
ಬದಲಿಸಿದರೆ, ಸೂಜಿಗಳ ಮಾತು ಬಲ್ಲವರಿಲ್ಲ.
ಆದರೆ ನಿದಾದಿಂದ ಒಂದು ಕಾಗದ:
ಹೆಪ್ಪುಗಟ್ಟಿದ ಖಾರಿಗೆ ಗಾಳ ಇಳಿಬಿಡುವ ಗಿಂತೌತಾಸ್
ತನ್ನ ಬಲಗೈ ಹಾಳೆಯ ಮೇಲಿಟ್ಟು
ಸುತ್ತ ಪೆನ್ಸಿಲ್ ಎಳೆದು ಕಳಿಸಿದ್ದಾನೆ.
ಹೆಬ್ಬೆರಳು, ತೋರುಬೆರಳು, ಕಿರುಬೆರಳು.
ನಡುವಿನೆರಡನ್ನು ದೋಣಿಯ ರಾಟೆ ನುಂಗಿತ್ತು.

ಹಳೆಯ ತಂತ್ರಾಂಶಕ್ಕೆ ಕೈಯೆಂದರೆ ಐದೇ.
ಹೊಸದಕ್ಕೆ ಎಣಿಸಲು ಬರುತ್ತದೆ,
ಹೊಸದು ಈ ಮುದುಕನ ಮೇಲೆ ಕಟ್ಟಿಕೊಳ್ಳಬೇಕಲ್ಲ.

ಮೊದಲ ಸಲ ನಾನ್ನೂರ ಆರು ತಪ್ಪು.
ಮುನ್ನೂರ ತೊಂಬತ್ತು ಒಂದೇ ತಪ್ಪಿನ ಮರಿಮಕ್ಕಳು.
ಅದನ್ನು ತಿದ್ದಿದಳು. ಹದಿನಾರು ಉಳಿದವು.
ಇನ್ನೊಂದನ್ನು ತಿದ್ದಿದಳು.
ನಲವತ್ತಾದವು.

ನಮ್ಮ ನುಡಿಯಲ್ಲಾದರೆ ಹೀಗೆ ಹೇಳಿಯೇನು:
ಹಾಲನ್ನು ಮತ್ತೆ ಪಾಲ್ ಮಾಡುವ ಕೆಲಸ.
ಹೂವಿನಿಂದ ಹಕಾರ ಬಿಡಿಸಿ ಪೂ ಎನ್ನಬೇಕು,
ಹೋದುದನ್ನು ಪೋದುದು.
ಹಾಗೆಂದು ಕಂಡ ಹಕಾರವನ್ನೆಲ್ಲ ಬದಲಿಸಹೊರಟರೆ
ಹಿಮ ಪಿಮವಾಗಿ ಕಲಸುಮೇಲೋಗರ.

ಹೊಸ ಕಡತ ಕೇಳುತ್ತದೆ:
ನ್ಯಾನೋಸೆಕೆಂಡಿನಲ್ಲಿ ಹೊತ್ತೆಷ್ಟು?
ಹಳೆಯದು ಕಿವಿಗೆ ಕೈ ಹಿಡಿದು: ಏನಂದೆ?
ಅದು ಬಲ್ಲದ್ದು ಮೈಕ್ರೋಸೆಕೆಂಡಿನವರೆಗೆ.
ಅದನ್ನೇ ಸಾವಿರದಿಂದ ಗುಣಿಸಿ
ಸುಳ್ಳಲ್ಲದ, ಪೂರ್ತಿ ನಿಜವೂ ಅಲ್ಲದ ಉತ್ತರವೊಂದನ್ನು
ಅದರ ಬಾಯಿಗೆ ಇಟ್ಟಳು.

ಕಾವಲಿನ ಪೊವಿಲಾಸ್ ಚಹಾ ತಂದಿಟ್ಟು,
"ಹೊಸ ಯಂತ್ರ ಕೊಳ್ಳಬಾರದೇ?" ಎಂದ.
"ನೀನು ಹೊಸ ಮಂಡಿ ಕೊಳ್ಳಬಾರದೇ?"
ಮೆಟ್ಟಿಲನ್ನು ಒಂದೊಂದಾಗಿ ಇಳಿದುಹೋದ.

ಮೂರು ಗಂಟೆಗೆ ಉಳಿದದ್ದು ಒಂದು ಹೆಸರು.
ತುಂಡುಗಳನ್ನು ಜೋಡಿಸುವ ಲಿಂಕರ್ ಮೊಂಡು ಹಿಡಿದಿತ್ತು:
ಕರೆಯುತ್ತಿದ್ದೀರಿ, ಇಂಥವರು ಈ ಮನೆಯಲ್ಲಿಲ್ಲ.
ಏನು ಮಾಡುತ್ತಿತ್ತದು? ಹುಡುಕಿದಳು.
ಪರದೆಯ ಕಿಟಕಿಗಳ ಮೂಲೆ ದುಂಡಗೆ ಮಾಡುತ್ತಿತ್ತಂತೆ!
ಅದೇ ಹೆಸರಿನದೊಂದು ಮೋಟು ಬರೆದಳು.
ಒಳಗೆ ಏನೂ ಇಲ್ಲ,
ಕರೆದರೆ "ಆಯಿತು" ಎಂದು ಹಿಂದಿರುಗುತ್ತದೆ.
ಬರೆದ ಕೈ ನಿಲ್ಲಿಸಿ
ಗೋಡೆಗೆ ಚುಚ್ಚಿದ್ದ ಹಾಳೆ ನೋಡಿದಳು.
ಎಡಗೈಯಲ್ಲಿ ಎಳೆದ ಗೆರೆ ಉದ್ದಕ್ಕೂ ನಡುಗಿತ್ತು,
ಆ ಎರಡು ಮೋಟುಗಳ ಸುತ್ತ ಮಾತ್ರ
ನಿಧಾನ, ನೇರ.

ಐದಕ್ಕೆ ಯಂತ್ರ ಕೆಮ್ಮಿತು. ಸೂಜಿಗಳು ಸಾಲಾಗಿ ಎದ್ದವು.
ಮೊದಲ ಗವಸು ಎಡಗೈಯದಾಗಿ ಬಂತು.
ಬೈದುಕೊಂಡು, ಎಲ್ಲೋ ಒಂದು ಕೂಡುವ ಚಿಹ್ನೆಯನ್ನು
ಕಳೆಯುವುದಾಗಿಸಿದಳು.
ಎರಡನೆಯದು ಬೂದು ಉಣ್ಣೆ, ಮೂರು ಬೆರಳು,
ಎಣ್ಣೆಯ ವಾಸನೆ.
ತನ್ನ ಕೈ ತೂರಿಸಿ ನೋಡಿದಳು.
ಹಿಡಿಸಲಿಲ್ಲ.
ಸರಿಯಾಗಿದೆ ಎಂದು ದೀಪ ಆರಿಸಿದಳು.