ಹಿಂಬದಿಯ ಖಾಲಿ ಹಾಳೆ

ಪುಸ್ತಕದಲ್ಲಿ ಗೀಚಬಾರದೆಂದು
ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದವಳು ನಾನೇ.
ಆದರೂ ಈ ಮಾಲೆಗೆ ಮಾತ್ರ
ಹತ್ತೊಂಬತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡಿದ್ದೇನೆ.

ಕತೆ ಮುಗಿದ ಮೇಲೆ ಒಂದು ಖಾಲಿ ಹಾಳೆ ಉಳಿಯುತ್ತದಲ್ಲ,
ಅಲ್ಲಿ, ಪೆನ್ಸಿಲಿನಲ್ಲಿ.
ಮೊದಮೊದಲು ಬರಿ ಹೆಸರಿನ ಮೊದಲಕ್ಷರ,
ಓದಿದ್ದನ್ನೇ ಮತ್ತೆ ಒಯ್ಯದಿರಲೆಂದು ಇಟ್ಟ ಗುರುತು.
ಆಮೇಲೊಂದು ನಕ್ಷತ್ರ. ಆಮೇಲೊಂದು 'ಥೂ'.
ಈಗ ಅಂಚು ತುಂಬಿ ರಟ್ಟಿಗೂ ಹತ್ತಿದೆ ಜಗಳ.

ಕತೆಯ ಊರು ಲಾರ್ಕ್ ಫೆರಿ. ಯಾವ ನಕ್ಷೆಯಲ್ಲೂ ಇಲ್ಲ.
ಮೂವತ್ತೊಂದು ಪುಸ್ತಕ, ಮೂವತ್ತೊಂದು ಮದುವೆ,
ಒಂದೇ ಸೇತುವೆ;
ಅದರ ಮೇಲೆ ಕಾರು ಕೆಟ್ಟು ನಿಂತವಳಿಗೆ
ರಿಪೇರಿಗೆ ಬರುವವನು ಯಾವಾಗಲೂ ಮದುವೆಯಾಗದವನೇ.

'ಡಾಕ್ಟರ ಕಣ್ಣು ನಾಲ್ಕನೆಯದರಲ್ಲಿ ಕಂದು,
ಹದಿನೇಳರಲ್ಲಿ ನೀಲಿ. ಬರೆದವಳಿಗೆ ನೆನಪಿಲ್ಲ, ನನಗಿದೆ.'
ಇದು ಒಲೇನಾ ಹ್ರಿಟ್ಸಾಕ್. ಮೂವತ್ತು ವರ್ಷ
ಗೋಧಿಯ ಉಗ್ರಾಣದಲ್ಲಿ ತೂಕ ಬರೆದ ಕೈ.
ಕೆಳಗೆ ಬ್ಯೂಲಾ ಥೋರ್ವಾಲ್ಡ್‌ಸನ್:
'ಪ್ರೀತಿಯಲ್ಲಿ ಬಿದ್ದವರು ಕಣ್ಣಿನ ಬಣ್ಣ ನೋಡುತ್ತಾರೆಯೇ?'
ಅದರ ಕೆಳಗೆ ಮತ್ತೆ ಒಲೇನಾ, ಹಾಳೆ ಹರಿಯುವ ಹಾಗೆ ಒತ್ತಿ:
'ನೋಡದವರು ಬಿದ್ದೇ ಇಲ್ಲ.'

ಆರ್ವಿಡ್ ಲಿಂಡ್‌ಕ್ವಿಸ್ಟ್ ರಸ್ತೆಯ ಹಿಮ ತಳ್ಳುವ ಲಾರಿಯವನು.
'ಹೆಂಡತಿಗೆ' ಎನ್ನುತ್ತ ಎರಡೆರಡು ಒಯ್ಯುತ್ತಾನೆ.
ಹೆಂಡತಿ ಓದುವುದು ಕೊಲೆಯ ಕತೆ ಮಾತ್ರ;
ಅವಳ ಕಾರ್ಡೂ ನನ್ನ ಡಬ್ಬಿಯಲ್ಲೇ ಇದೆ. ನಾನು ಬಾಯಿ ಬಿಡುವುದಿಲ್ಲ.
ಅವನದು ಪ್ರತಿ ಸಲ ಒಂದೇ ಸಾಲು, ಪಕ್ಕದಲ್ಲಿ ಡೀಸೆಲ್ ಹೆಬ್ಬೆಟ್ಟು:
'ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಇಷ್ಟು ರಗಳೆ ಇರಲಿಲ್ಲ.'

ಮೂಗು ಮುರಿಯುವವರೂ ಇದ್ದಾರೆ. ಶಾಲೆಯ ಹೊಸ ಮೇಷ್ಟ್ರು
ಒಂಬತ್ತನೆಯದನ್ನು ಮೂರೇ ದಿನಕ್ಕೆ ತಂದಿಟ್ಟು
'ಎಲ್ಲ ಮೊದಲೇ ಗೊತ್ತಾಗಿಬಿಡುತ್ತದೆ' ಎಂದರು.
ಹೌದು ಸ್ವಾಮಿ, ಗೊತ್ತಿದೆ ಎಂದೇ ಒಯ್ಯುತ್ತಾರೆ.
ಈ ಸಸ್ಕಾಚೆವಾನಿನಲ್ಲಿ, ಮೈನಸ್ ಮೂವತ್ತೆಂಟರಲ್ಲಿ,
ಬೆಳಿಗ್ಗೆ ಗಾಡಿ ಹೊರಡುತ್ತದೋ ಇಲ್ಲವೋ
ಅದೊಂದು ಗೊತ್ತಿರದಿದ್ದರೆ ಸಾಲದೇ?
(ಹೋಗುವಾಗ ಹತ್ತನೆಯದು ಇದೆಯೇ ಎಂದು ಕೇಳಿದರು.)

ಲಾರ್ಕ್ ಫೆರಿಯಲ್ಲಿ ವರ್ಷಕ್ಕೊಂದು ಅಂಗಡಿ ತೆರೆಯುತ್ತದೆ:
ಹೂವಿನದು, ಹಳೆಯ ಗಡಿಯಾರದ್ದು, ಒಮ್ಮೆ ಬರಿ ಜೇನುತುಪ್ಪದ್ದು.
ನಮ್ಮಲ್ಲಿ ಬ್ಯಾಂಕು ಮುಚ್ಚಿತು, ರೈಲಿನ ಹಳಿ ಕಿತ್ತರು,
ಬೇಕರಿಯದು ಬೋರ್ಡು ಉಳಿದಿದೆ.
'ಜೇನು ಮಾರಿ ಬಾಡಿಗೆ ಕಟ್ಟುವುದು ಹೇಗೆ?'
ಯಾರೋ ಕೇಳಿದ್ದಾರೆ, ಇಪ್ಪತ್ತೆಂಟರ ಹಿಂದೆ.
ಬೇರೆ ಕೈಬರಹದಲ್ಲಿ ಉತ್ತರ:
'ಕೇಳಬೇಡಿ. ಅಲ್ಲಾದರೂ ನಡೆಯಲಿ.'

ಎಲ್ಲರೂ ಒಪ್ಪುವುದು ಡೆಲ್ಫೀನ್ ವಿಷಯದಲ್ಲಿ.
ಮೊದಲ ಪುಸ್ತಕದಿಂದಲೂ ಹೋಟೆಲಿನಲ್ಲಿ ಕಾಫಿ ಬಗ್ಗಿಸುತ್ತಿದ್ದಾಳೆ,
ಅಷ್ಟೂ ಜೋಡಿಗಳಿಗೆ ಬುದ್ಧಿ ಹೇಳಿದ್ದಾಳೆ.
ಗಂಡ ಸತ್ತದ್ದು ಎರಡನೆಯದರಲ್ಲಿ, ಅರ್ಧ ವಾಕ್ಯದಲ್ಲಿ.
'ಇವಳ ಕತೆ ಯಾವಾಗ?' ಐದನೆಯದರ ಹಿಂದೆ.
'ಇವಳದು?' ಹನ್ನೊಂದರ ಹಿಂದೆ.
ಇಪ್ಪತ್ತರಲ್ಲಿ ಬರಿ ಹೆಸರು.
ಬ್ಯೂಲಾ ಪ್ರಕಾಶಕರಿಗೆ ಕಾಗದವನ್ನೂ ಬರೆದಳು.
ಬಂದದ್ದು ಅಚ್ಚಾದ ಕಾರ್ಡು, ಮೇಲೆ ಹೊಸ ಮುಖಪುಟದ ಚಿತ್ರ:
ಬೆಂಕಿ ಆರಿಸುವವನು, ಅಂಗಿಯಿಲ್ಲದೆ, ಹಿಮದಲ್ಲಿ.
'ನ್ಯುಮೋನಿಯಾ ಗ್ಯಾರಂಟಿ' ಎಂದಳು ಒಲೇನಾ.

ನಿನ್ನೆ ಮೂವತ್ತೆರಡನೆಯದು ಬಂತು.
ಮುದ್ರೆ ಒತ್ತುವ ಮೊದಲೇ ಮನೆಗೊಯ್ದು ಓದಿದೆ.
ಅವಳದಲ್ಲ. ಪಶುವೈದ್ಯೆಯದು.
ಆದರೆ ನೂರನಲವತ್ತನೆಯ ಪುಟದಲ್ಲಿ,
ಹೋಟೆಲು ಮುಚ್ಚುವ ಹೊತ್ತಿಗೆ, ಡೆಲ್ಫೀನ್
ತನಗೂ ಒಂದು ಲೋಟ ಬಗ್ಗಿಸಿಕೊಂಡು ಕೂರುತ್ತಾಳೆ.
ಇಷ್ಟು ವರ್ಷದಲ್ಲಿ ಅವಳು ಕೂತದ್ದು ಇದೇ ಮೊದಲು.
ಎದುರಿನ ಕುರ್ಚಿಯ ಬಗ್ಗೆ ಏನೂ ಬರೆದಿಲ್ಲ.

ಹಿಂಬದಿಯ ಹಾಳೆ ಬೆಳ್ಳಗಿತ್ತು.
ಗೋಡೆಯ ಬರಹಕ್ಕೆ ಬೆನ್ನು ಹಾಕಿ
ಪೆನ್ಸಿಲು ಹೆರೆದು ಬರೆದೆ:
'ನೂರನಲವತ್ತು ನೋಡಿ. ನನಗಿಷ್ಟು ಸಾಕು.'
ಸಂಜೆ ಒಲೇನಾ ಬರುತ್ತಾಳೆ.
ಸಾಲದು ಎಂದು ಬರೆಯುತ್ತಾಳೆ, ಗೊತ್ತು.