ಖಾಲಿ ಗುಳ್ಳೆ

ಕೊಣಾಜೆ ಗುಡ್ಡ. ಮೇ ತಿಂಗಳ ಸೆಕೆ.
ಗೆರಟೆ ಸುಟ್ಟ ಇದ್ದಿಲು ರಾತ್ರಿಯಿಡೀ ನಿರ್ವಾತದಲ್ಲಿ
ಕುಡಿದ ಕಡಲಗಾಳಿಯನ್ನೆಲ್ಲ ಕಕ್ಕಿದೆ.
ಈಗ ಅರ್ಧ ಗ್ರಾಂ ಹಸಿವು,
ನೇರಳೆಹಣ್ಣಿನಷ್ಟು ಗಾಜಿನ ಗುಳ್ಳೆಯೊಳಗೆ.

ಬೆಂಜೀನಿನಲ್ಲಿ ಮುಳುಗಿಸಿ ಸರಳೊತ್ತಿದರೆ
ಟಕ್.
ಪರದೆಯ ಮೇಲೆ ಗೆರೆ ಏರುತ್ತದೆ,
ಒಂದು ಡಿಗ್ರಿಯೂ ಇಲ್ಲ,
ಏರುತ್ತದೆ ಆದರೂ.

ನಿನ್ನೆಯದು ದಪ್ಪ ಅಣುವಿನ ದ್ರವ;
ಕಿರಿಬಾಗಿಲುಗಳಲ್ಲಿ ನುಗ್ಗಲಾರದೆ
ಜಗಲಿಯಲ್ಲೇ ಕೂತು ಹೋಯಿತು.

ಖಾಲಿ ಗುಳ್ಳೆಯೊಂದನ್ನೂ ಒಡೆಯಬೇಕು.
ಗಾಜು ಒಡೆಯುವುದಕ್ಕೂ ಅದರದೇ ಬಿಸಿಯುಂಟು,
ಅದನ್ನು ಕಳೆದು ಉಳಿದದ್ದಷ್ಟೇ
ಇದ್ದಿಲು ಒಳಗೆ ಬಿಟ್ಟುಕೊಂಡದ್ದರ ಲೆಕ್ಕ.

ಗೆರಟೆ ಕೊಟ್ಟ ಕ್ಯಾಂಟೀನಿನ ಸೆವ್ರಿನ್ ಬಾಯಿ ಇಣುಕುತ್ತಾರೆ:
“ಎಷ್ಟು ಬಿಸಿ ಬಂತು? ಒಂದು ಚಾ ಆಗ್ತದಾ?”

ಇಲ್ಲ ಬಾಯಿ.
ನಾಳೆಗೆ ಇನ್ನೂ ನಾಲ್ಕು ಗೆರಟೆ ಇಡಿ.