ಐದು ಜಾಗ ಬಿಟ್ಟೆ

ನನ್ನ ಟೈಪ್‌ರೈಟರಿಗೆ ಗ್ರೀಕ್ ಬರುತ್ತಿರಲಿಲ್ಲ, ನನಗೂ.
ಹಂಗೇರಿಯನ್ ಸಾಲು ದಡದಡ ಓಡಿ
ಗ್ರೀಕ್ ಪದದ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.
ಅಕ್ಷರ ಎಣಿಸಿ ಅಷ್ಟು ಸಲ ಉದ್ದ ಪಟ್ಟಿ ಒತ್ತುತ್ತಿದ್ದೆ.
ಸಂಜೆ ಪ್ರೊಫೆಸರ್ ಪಿರೋಷ್ಕಾ ವಾದ್ನಾಯ್ ಬಂದು
ಕೋಟು ಬಿಚ್ಚದೆಯೇ ಕೂತು
ಹಸಿರು ಶಾಯಿಯಲ್ಲಿ ಕಿಂಡಿಗಳನ್ನು ತುಂಬುತ್ತಿದ್ದರು.

ಸೆಗೆಡ್ ಪಟ್ಟಣ. ತೀಸಾ ನದಿ ಹೆಪ್ಪುಗಟ್ಟಿದ ಜನವರಿ.
ವಿಯೆನ್ನಾದ ಯಾವುದೋ ಡ್ರಾಯರಿನಿಂದ ಅವರು ಓದಿ ತಂದಿದ್ದರು
ಅಂಗೈಯಗಲದ ಪಪೈರಸ್ ಚೂರು,
ಹೆಸರು ಹರಿದುಹೋದ ಯಾರೋ ಹಳಬನ ಒಂದೂವರೆ ವಾಕ್ಯ,
ಎರಡು ಸಾವಿರ ವರ್ಷ ಮಣ್ಣು ತಿಂದು ಬಿಟ್ಟ ಎಂಜಲು.
ಅನುವಾದ ಕೊಡಲಿಲ್ಲ. ಓದಬಲ್ಲವರು ಓದಲಿ ಎಂದರು.
ಸ್ವಲ್ಪ ಹಮ್ಮಿತ್ತು. ಇರಲಿ,
ಹೋದವರ ಹಮ್ಮು ಈಗ ಯಾರಿಗೆ ಚುಚ್ಚೀತು.

ಕಡೆಯ ಪದಕ್ಕೆ ನಾನು ಐದು ಜಾಗ ಬಿಟ್ಟೆ.
ಬೇಕಿದ್ದದ್ದು ಏಳು.
ಮಿಕ್ಕ ಎರಡಕ್ಷರ, ಗ್ರೀಕಿನ ಪುಟ್ಟ ‘ಇಲ್ಲ’,
ಸಾಲಿನ ನೆತ್ತಿಯ ಮೇಲೆ ಕೂತಿತು, ಹಸಿರು ಗುಬ್ಬಿಯ ಹಾಗೆ.
ಮೊಳೆ ಜೋಡಿಸುವವನು ಶಾಯಿಯ ಕಲೆ ಎಂದುಕೊಂಡ.
ಪ್ರೊಫೆಸರಿಗೆ ಆ ವಾರ ನ್ಯುಮೋನಿಯಾ.
ಕರಡು ತಿದ್ದಿದವಳು ನಾನು.

ಹಳಬ ಅಂದದ್ದು: ಬಯಲಿಗೆ ತೂಕವಿಲ್ಲ.
ಅಚ್ಚಾಗಿ ಬಂದದ್ದು: ಬಯಲಿಗೆ ತೂಕವುಂಟು.

ಪುಸ್ತಕ ಬಿಡಿಸಿದ ಗಳಿಗೆಯಲ್ಲೇ ಕಂಡರು. ಬೈಯಲಿಲ್ಲ.
ಕನ್ನಡಕ ತೆಗೆದು, ‘ಎಟೆಲ್ಕಾ, ಅವನು ಹೀಗೆ ಹೇಳಿಲ್ಲ.’
ಕಿಟಕಿಯಾಚೆ ಟ್ರಾಮ್ ಒಂದು ಹಾದುಹೋಗುವಷ್ಟು ಹೊತ್ತು ಬಿಟ್ಟು,
‘ಹೇಳಬಹುದಿತ್ತು.’

ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿಸಿದರು,
ನಮ್ಮ ಭಾಷೆಯಲ್ಲಿ, ಅಂದರೆ ಯಾರೂ ಓದದಲ್ಲಿ.
ಅಷ್ಟರಲ್ಲಿ ತಪ್ಪು ಕುದುರೆ ಏರಿತ್ತು.
ಮಾರ್ಬುರ್ಗ್‌ನಲ್ಲಿ ಒಬ್ಬರು ಅದರ ಮೇಲೆ ಮಹಾಪ್ರಬಂಧ ಕಟ್ಟಿದರು,
ಪೊರ್ಟೊದವರು ಅದಕ್ಕೆ ಮಹಡಿ ಎತ್ತಿದರು,
ಗ್ಲಾಸ್ಗೋದಲ್ಲಿ ಇಬ್ಬರು ಗೆಳೆಯರು
ಬಯಲಿನ ತೂಕಕ್ಕಾಗಿ ಮಾತು ಬಿಟ್ಟರು.
ಪ್ರೊಫೆಸರ್ ಹದಿನೇಳು ಪತ್ರ ಬರೆದರು. ಟೈಪು ಮಾಡಿದ್ದು ನಾನೇ.
ಎರಡಕ್ಕೆ ಉತ್ತರ ಬಂತು,
ಎರಡರಲ್ಲೂ ಅವರ ಹೊಳಹಿಗೆ ಕೃತಜ್ಞತೆ.

ಈ ಮಾರ್ಚಿನಲ್ಲಿ ಅವರ ಸ್ಮರಣೆಯ ಸಭೆ.
ಮುಂದಿನ ಸಾಲಿನಲ್ಲಿ ನನ್ನನ್ನೂ ಕೂರಿಸಿದರು, ಗಸಗಸೆ ಕೇಕು ಕೊಟ್ಟರು.
ಜೊಂಬೋರ್, ಅವರ ಹಿರಿಯ ಶಿಷ್ಯ, ಕಿವಿಯಲ್ಲಿ ಪಿಸುಗುಟ್ಟಿದ:
‘ಇಪ್ಪತ್ತೆರಡು ವರ್ಷದಿಂದ ಅಡಿಟಿಪ್ಪಣಿಯಲ್ಲಿ ಹೇಳುತ್ತಿದ್ದೇನೆ.
ಅಡಿಟಿಪ್ಪಣಿ ಅಂದರೆ ಬಾವಿ, ಕೂಗಿದವನಿಗೇ ಕೇಳುವುದು.’
ಆಮೇಲೆ ವೇದಿಕೆ ಹತ್ತಿ, ಖಾಲಿ ಕುರ್ಚಿಯ ಕಡೆ ನೋಡಿ,
ಗಂಟಲು ಕಟ್ಟಿ, ಅವನೂ ಅದನ್ನೇ ಅಂದುಬಿಟ್ಟ:
ಬಯಲಿಗೆ ತೂಕವುಂಟು.
ಸಭೆ ಸುಮ್ಮನಾಯಿತು. ನಾನು ಕೇಕಿನ ಕಡೆ ನೋಡಿದೆ.

ಆಗ ಹಿಂದಿನ ಸಾಲಿನಿಂದ ಒಂದು ಹುಡುಗಿ,
ಚೆಂಗೆ ಅಂತೆ, ಪ್ರೊಫೆಸರನ್ನು ಕಣ್ಣಾರೆ ಕಂಡವಳೇ ಅಲ್ಲ,
ತಲೆ ತುಸು ಎಡಕ್ಕೆ ವಾಲಿಸಿ
ಕೇಳಿದಳು: ‘ಮೂಲ ನೋಡಿದ್ದೀರಾ?’
ನನ್ನ ಕೈಯಲ್ಲಿದ್ದ ತಟ್ಟೆ ಅಲುಗಿತು.
ಅದೇ ವಾಲು, ಅದೇ ‘ದ್ದೀರಾ’,
ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತಿದ್ದ ಅದೇ ಪ್ರಶ್ನೆ.
ಯಾರಿಂದ ಯಾರಿಗೆ ಅಂಟಿ ಇವಳವರೆಗೆ ಬಂತೋ,
ಅದಕ್ಕೆ ಅಡಿಟಿಪ್ಪಣಿಯಿಲ್ಲ.

ಮನೆಗೆ ಕರೆದೆ. ಹಳೆಯ ಪ್ರತಿ ತೋರಿಸಿದೆ.
ಗುಬ್ಬಿ ಇನ್ನೂ ಅಲ್ಲೇ ಕೂತಿತ್ತು, ಕೊಂಚ ಮಾಸಿ.
ಅವಳು ಬೆರಳಿಟ್ಟು ನೋಡಿದಳು, ಬಹಳ ಹೊತ್ತು.
‘ಎಷ್ಟು ಜಾಗ ಬಿಟ್ಟಿದ್ದಿರಿ?’
ಬಟ್ಟೆ ಸರಿಸಿ ಯಂತ್ರ ಹೊರತೆಗೆದು ಒತ್ತಿ ತೋರಿಸಿದೆ.
ಒಂದು. ಎರಡು. ಮೂರು. ಕಾಗದದ ಮೇಲೆ ಏನೂ ಮೂಡಲಿಲ್ಲ.
ಒತ್ತಿದಾಗಲೆಲ್ಲ ಗಾಡಿ ಮಾತ್ರ
ಒಂದೊಂದು ಹೆಜ್ಜೆ ಸರಿಯುತ್ತಿತ್ತು.